ಎಲೆಯನ್ನುಳಿಸುವ ಹಲ್ಲುಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ಆಗ್ನೇಯ ಭಾಗದಲ್ಲಿ, ಸುಣ್ಣಕಲ್ಲಿನ ತಳಹದಿಯ ಫಲವತ್ತಾದ ಮಣ್ಣಿಗೆ ಹೆಸರಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಮೇ ತಿಂಗಳು ಮುಗಿಯುವ ಹೊತ್ತಿಗೆ ಹೈನವನ್ನೇ ನೆಚ್ಚಿ ಬಾಳುವ ಒಕ್ಕಲುಮನೆಗಳ ಹಿರಿಯರು ಬೆಳಗಿನಿಂದ ಬೈಗಿನವರೆಗೆ ಮತ್ತೆ ಮತ್ತೆ ಪಶ್ಚಿಮದ ಆಕಾಶದ ಕಡೆಗೆ ಕಣ್ಣೆತ್ತುತ್ತಾರೆ. ಒಂದರ ಬೆನ್ನಿಗೊಂದಾಗಿ ಮಳೆಯಿಲ್ಲದ ಮೂರು ದಿನಗಳು ದೊರೆತರೆ ಮೊದಲ ಕೊಯ್ಲಿನ ಹುಲ್ಲು ಹಸಿರು ಬಣ್ಣವನ್ನೂ ಪರಿಮಳವನ್ನೂ ಉಳಿಸಿಕೊಂಡು ಅಟ್ಟವನ್ನೇರುತ್ತದೆ. ದೊರೆಯದಿದ್ದರೆ ವರ್ಷದ ಅತ್ಯುತ್ತಮ ಮೇವು ಹೊಲದಲ್ಲಿಯೇ ನೆನೆದು, ಕಪ್ಪಾಗಿ, ದನಗಳು ಮೂಸಿ ಬಿಡುವ ಕಸವಾಗುತ್ತದೆ. ಆ ಮೂರು ದಿನಗಳಲ್ಲಿ ಒಕ್ಕಲಿಗನ ಕೈಯಲ್ಲಿರುವ ಉಪಕರಣಗಳೊಳಗೆ ನೋಟಕ್ಕೆ ಅತ್ಯಂತ ಸಾಧಾರಣವಾದುದೂ, ಬೆಲೆಯಲ್ಲಿ ಎಲ್ಲಕ್ಕಿಂತ ಕಡಿಮೆಯದೂ, ಆದರೆ ಮೇವಿನ ಗುಣವನ್ನು ನಿರ್ಣಯಿಸುವುದರಲ್ಲಿ ಯಾವುದಕ್ಕೂ ಕಡಿಮೆಯಲ್ಲದುದೂ ಆದ ಒಂದು ಯಂತ್ರವುಂಟು. ಕೊಯ್ದ ಹುಲ್ಲನ್ನು ಬಾಚಿ ಸಾಲುಗೂಡಿಸುವ ಈ ಯಂತ್ರವನ್ನು ಅಲ್ಲಿಯವರು ರೇಕ್ ಎನ್ನುತ್ತಾರೆ. ಅಲ್ಲಿನ ಸಣ್ಣ ಹಿಡುವಳಿಗಳಲ್ಲಿ ಹೊಸ ರೇಕ್ ಕಾಣಸಿಗುವುದು ಅಪರೂಪ. ಮೂವತ್ತು, ನಲವತ್ತು ವರ್ಷ ದುಡಿದ ಹಳೆಯ ರೇಕುಗಳೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಇಂದಿಗೂ ಕೆಲಸ ನಡೆಸುತ್ತಿವೆ. ಇಂತಹ ಹಳೆಯ ರೇಕನ್ನು ಯಾವ ಕಣ್ಣಿನಿಂದ ಪರೀಕ್ಷಿಸಿ ಕೊಳ್ಳಬೇಕು, ಕೊಂಡ ಬಳಿಕ ಹೇಗೆ ದುಡಿಸಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ಹುಲ್ಲನ್ನು ಒಣಗಿಸುವುದೆಂದರೇನೆಂಬುದನ್ನು ಮೊದಲು ಲೆಕ್ಕ ಹಾಕಿ ನೋಡಬೇಕು. ಆಗತಾನೆ ಕೊಯ್ದ ಹಸಿ ಮೇವಿನಲ್ಲಿ ನೂರಕ್ಕೆ 75ರಿಂದ 80 ಪಾಲು ನೀರೇ ಇರುತ್ತದೆ. ಕಟ್ಟಿ ಅಟ್ಟದಲ್ಲಿಡಬೇಕಾದರೆ ಅದು ನೂರಕ್ಕೆ 20ಕ್ಕಿಂತ ಕೆಳಗಿಳಿಯಬೇಕು. ಅಂದರೆ 1000 ಕಿಲೋ ಒಣಮೇವು ದೊರೆಯಬೇಕಾದರೆ ಹೊಲದಲ್ಲಿ ಸುಮಾರು 4000 ಕಿಲೋ ಹಸಿಹುಲ್ಲು ಮಲಗಬೇಕು, ಅದರೊಳಗಿಂದ ಸುಮಾರು 3000 ಕಿಲೋ ನೀರು ಬಿಸಿಲುಗಾಳಿಗಳ ಮೂಲಕ ಆವಿಯಾಗಿ ಹೋಗಬೇಕು. ಈ ಮಹತ್ಕಾರ್ಯವನ್ನು ಸೂರ್ಯನೇ ಮಾಡುತ್ತಾನಾದರೂ, ಕೊಯ್ದು ಹಾಸಿದ ಹುಲ್ಲಿನ ಮೇಲ್ಪದರ ಒಣಗಿ ಗರಿಗರಿಯಾಗುವ ಹೊತ್ತಿನಲ್ಲಿ ನೆಲಕ್ಕಂಟಿದ ಕೆಳಪದರ ಇನ್ನೂ ಹಸಿಯಾಗಿಯೇ ಇರುವುದರಿಂದ, ಅದನ್ನು ಎತ್ತಿ, ಮಗುಚಿ, ಗಾಳಿಯಾಡುವಂತೆ ಸಡಿಲವಾದ ಸಾಲಾಗಿ ಕೂಡಿಡುವ ಕೆಲಸ ಮನುಷ್ಯನ ಪಾಲಿಗೆ ಉಳಿಯುತ್ತದೆ. ಹೀಗೆ ಕೂಡಿಟ್ಟ ಸಾಲನ್ನೇ ಬೇಲರ್ ಯಂತ್ರ ಅನಂತರ ನುಂಗಿ ಕಟ್ಟುಗಳಾಗಿ ಹೊರಹಾಕುತ್ತದೆ.

ಈ ಎತ್ತುವ, ಮಗುಚುವ ಕೆಲಸದಲ್ಲಿಯೇ ಅಪಾಯವೂ ಅಡಗಿದೆ. ನಮ್ಮಲ್ಲಿ ಕುದುರೆಮೆಂತೆಯೆಂದು ಹೆಸರಾದ ಲೂಸರ್ನ್ ಮೇವನ್ನು ಅಲ್ಲಿ ಆಲ್ಫಾಲ್ಫಾ ಎಂದು ಬೆಳೆಯುತ್ತಾರೆ. ಅದರ ಸಸಾರಜನಕದ ಸುಮಾರು ಮೂರರಲ್ಲೆರಡು ಭಾಗ ಎಲೆಯಲ್ಲಿಯೇ ನಿಂತಿದೆ. ಆದರೆ ಎಲೆ ತೆಳ್ಳಗಿರುವುದರಿಂದ ಕಾಂಡಕ್ಕಿಂತ ಬಹು ಮುಂಚೆಯೇ ಒಣಗಿಬಿಡುತ್ತದೆ. ಕಾಂಡ ಒಣಗುವವರೆಗೆ ಕಾದು, ಆಮೇಲೆ ಒರಟಾದ ಯಂತ್ರದಿಂದ ಬಡಿದು ಬಾಚಿದರೆ ಎಲೆ ಪುಡಿಪುಡಿಯಾಗಿ ಮಣ್ಣಿಗೆ ಬೀಳುತ್ತದೆ. ರೈತನು ಕಡ್ಡಿಗಳನ್ನು ಕಟ್ಟಿ ಮನೆಗೆ ತಂದು, ಹಾಲಾಗಬೇಕಾದ ಸತ್ತ್ವವನ್ನು ಹೊಲದಲ್ಲಿಯೇ ಚೆಲ್ಲಿ ಬಂದಂತಾಗುತ್ತದೆ. ಆದುದರಿಂದ ರೇಕಿನ ಧರ್ಮ ಹುಲ್ಲನ್ನು ಒಟ್ಟುಗೂಡಿಸುವುದಷ್ಟರಿಂದಲೇ ಪೂರೈಸುವುದಿಲ್ಲ; ಎಲೆಯನ್ನು ಕಾಂಡದಿಂದ ಅಗಲಿಸದೆ ಒಟ್ಟುಗೂಡಿಸುವುದೇ ಅದರ ಧರ್ಮ. ಹಳೆಯ ರೇಕನ್ನು ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳೆಲ್ಲವೂ ಈ ಒಂದು ಮೂಲದಿಂದಲೇ ಹುಟ್ಟತಕ್ಕವು ಎಂಬುದು ನನ್ನ ದೃಢವಾದ ನಂಬಿಕೆ.

ರೇಕಿನ ವಂಶಾವಳಿ

ಮರದ ಹಿಡಿಗೆ ಮರದ ಹಲ್ಲುಗಳನ್ನು ಕೂಡಿಸಿದ ಕೈರೇಕು ಯೂರೋಪಿನ ರೈತರೊಡನೆ ಅಟ್ಲಾಂಟಿಕ್ ದಾಟಿ ಬಂದಿತು. 19ನೆಯ ಶತಮಾನದಲ್ಲಿ ಕುದುರೆ ಎಳೆಯುವ ರೇಕುಗಳು ಒಂದಾದ ಮೇಲೊಂದು ರೂಪ ತಳೆದು, ಶತಮಾನ ಮುಗಿಯುವಷ್ಟರಲ್ಲಿ ಎರಡು ದೊಡ್ಡ ಉಕ್ಕಿನ ಗಾಲಿಗಳ ನಡುವೆ ಅರ್ಧಚಂದ್ರಾಕಾರವಾಗಿ ಬಾಗಿದ ಉದ್ದನೆಯ ಹಲ್ಲುಗಳ ಸಾಲನ್ನು ತೂಗುಬಿಟ್ಟ ಡಂಪ್ ರೇಕ್ ಮನೆಮನೆಯ ವಸ್ತುವಾಯಿತು. ಹಲ್ಲುಗಳ ಒಡಲು ತುಂಬಿದೊಡನೆ ಪೀಠದ ಮೇಲೆ ಕುಳಿತವನು ಸನ್ನೆಯನ್ನು ತುಳಿದರೆ ಹಲ್ಲುಗಳು ಮೇಲೆದ್ದು, ಹುಲ್ಲಿನ ರಾಶಿ ಅಲ್ಲಿಯೇ ನೆಲಕ್ಕೆ ಬೀಳುತ್ತಿತ್ತು. ಆ ಯಂತ್ರಗಳು ಈಗ ಹೆಚ್ಚಾಗಿ ಮನೆಗಳ ಮುಂದಣ ಹುಲ್ಲುಹಾಸಿನಲ್ಲಿ ಅಲಂಕಾರಕ್ಕಾಗಿ ನಿಂತಿವೆ. ಅವು ನೆಲವನ್ನು ಗೀರುತ್ತ ಹುಲ್ಲನ್ನು ಎಳೆದೊಯ್ಯುತ್ತಿದ್ದುದರಿಂದ ಮೇವಿನಲ್ಲಿ ಧೂಳೂ ಕಲ್ಲೂ ಸೇರುತ್ತಿದ್ದವು. ರಾಶಿ ಒತ್ತಾಗಿ ಬೀಳುತ್ತಿದ್ದುದರಿಂದ ಗಾಳಿಯಾಡದೆ ಒಳಗು ಬೇಗ ಒಣಗುತ್ತಿರಲಿಲ್ಲ.

ಅನಂತರ ಬಂದುದು ಹುಲ್ಲನ್ನು ಒಂದು ಬದಿಗೆ ಸರಿಸುತ್ತ ಎಡೆಬಿಡದ ಸಾಲನ್ನು ಬಿಡುವ ಸೈಡ್ ಡೆಲಿವರಿ ರೇಕ್. ಇದರ ನಿಜವಾದ ಪ್ರಯೋಜನ ಗೋಚರವಾದುದು ಬೇಲರ್ ಬಂದ ಮೇಲೆಯೇ. ಇದೇ ಲ್ಯಾಂಕಾಸ್ಟರ್ ಕೌಂಟಿಯ ನ್ಯೂ ಹಾಲೆಂಡ್ ಎಂಬ ಪುಟ್ಟ ಪಟ್ಟಣದಲ್ಲಿ 1895ರಲ್ಲಿ ಏಬ್ ಜಿಮ್ಮರ್‌ಮನ್ ಎಂಬಾತನು ಆರಂಭಿಸಿದ ಕಾರ್ಖಾನೆ, ಅದೇ ಸೀಮೆಯ ಎಡ್ ನೋಲ್ಟ್ ಕಲ್ಪಿಸಿದ ಸ್ವಯಂಚಾಲಿತ ಬೇಲರನ್ನು 1940ರಲ್ಲಿ ತಯಾರಿಸತೊಡಗಿತು. ಹೊಲದಲ್ಲಿ ಚಲಿಸುತ್ತಲೇ ಹುಲ್ಲನ್ನು ತಾನೇ ಎತ್ತಿಕೊಂಡು, ತಾನೇ ಹುರಿಯಿಂದ ಬಿಗಿಯುವ ಆ ಯಂತ್ರಕ್ಕೆ ಬೇಕಾಗಿದ್ದುದು ಒಂದೇ ಸಮನಾದ, ಸಡಿಲವಾದ, ಉದ್ದನೆಯ ಸಾಲು. ಆ ಸಾಲನ್ನು ಹೆಣೆಯುವ ರೇಕುಗಳ ಬಗೆಗೆ ಹಲವು ದೇಶಗಳಲ್ಲಿ ಹೊಸ ಯೋಚನೆಗಳು ಮೂಡಿದವು. ನೆದರ್ಲೆಂಡ್ಸಿನ ಮಾಸ್‌ಲ್ಯಾಂಡಿನಲ್ಲಿ ವಾನ್ ಡರ್ ಲೇಲಿ ಸಹೋದರರು 1948ರಲ್ಲಿ ಸ್ಥಾಪಿಸಿದ ಲೇಲಿ ಸಂಸ್ಥೆ ತನ್ನ ಬಾಳನ್ನು ಆರಂಭಿಸಿದುದೇ ಗಾಲಿಯ ಅಂಚಿಗೆ ತಂತಿಹಲ್ಲುಗಳನ್ನು ಕೂಡಿಸಿದ ವೀಲ್ ರೇಕಿನಿಂದ. ಅಮೆರಿಕದಲ್ಲಿಯಾದರೋ ಸಮಾಂತರ ಪಟ್ಟಿಗಳ ರೇಕು ಜನಪ್ರಿಯವಾಯಿತು. ನ್ಯೂ ಹಾಲೆಂಡ್ 256, ಜಾನ್ ಡಿಯರ್ 640 ಮೊದಲಾದವು ಈ ಜಾತಿಗೆ ಸೇರಿದವು. ಹಳೆಯ ರೇಕನ್ನು ಅರಸಿ ಹೊರಟವನ ಕಣ್ಣಿಗೆ ಮೊದಲು ಬೀಳುವವು ಇವೇ.

ಈ ಸಮಾಂತರ ಪಟ್ಟಿಗಳ ರೇಕಿನ ರಚನೆ ಮನನಯೋಗ್ಯವಾದುದು. ಉದ್ದನೆಯ ನಾಲ್ಕೋ ಐದೋ ಉಕ್ಕಿನ ಪಟ್ಟಿಗಳು. ಒಂದೊಂದು ಪಟ್ಟಿಯಲ್ಲಿಯೂ ಕೆಳಗೆ ಇಳಿಬಿದ್ದ ತಂತಿಹಲ್ಲುಗಳ ಸಾಲು. ಎರಡು ತುದಿಗಳಲ್ಲಿಯೂ ಪಟ್ಟಿಗಳಿಗೆ ಓರೆಯಾಗಿ ನಿಂತು ಅವನ್ನು ಹೊತ್ತು ತಿರುಗುವ ಎರಡು ಸಮಾಂತರ ಚಕ್ರಗಳು. ಚಕ್ರಗಳು ತಿರುಗಿದಾಗ ಪಟ್ಟಿಗಳು ವರ್ತುಲದಲ್ಲಿ ಸುತ್ತುತ್ತವೆಯಾದರೂ, ಆ ಓರೆಯ ಜೋಡಣೆಯ ಮಹಿಮೆಯಿಂದ ಹಲ್ಲುಗಳು ಮಾತ್ರ ಮೇಲಿದ್ದಾಗಲೂ ಕೆಳಗಿದ್ದಾಗಲೂ ನೆಲದ ಕಡೆಗೇ ಮುಖ ಮಾಡಿರುತ್ತವೆ. ಹೀಗಾಗಿ ಹಲ್ಲು ಹುಲ್ಲಿನೊಳಕ್ಕೆ ನೇರವಾಗಿ ಇಳಿಯುತ್ತದೆ, ಸ್ವಲ್ಪ ದೂರ ಅದನ್ನು ಬದಿಗೆ ಸರಿಸುತ್ತದೆ, ಅನಂತರ ಹುಲ್ಲನ್ನು ಸುತ್ತಿಕೊಳ್ಳದೆ ನೇರವಾಗಿಯೇ ಮೇಲಕ್ಕೆ ಸರಿದುಬಿಡುತ್ತದೆ. ತಲೆಗೂದಲನ್ನು ಸಿಕ್ಕು ಬಿಡಿಸಿ ಬಾಚುವ ತಾಯಿಯ ಕೈಯಲ್ಲಿರುವ ಹದವೇ ಇಲ್ಲಿಯೂ ಇರುವುದನ್ನು ಯಾರಾದರೂ ಗುರುತಿಸಬಹುದು. ಹುಲ್ಲು ಹೆಚ್ಚು ದೂರ ಉರುಳುವುದಿಲ್ಲವಾದುದರಿಂದ ಎಲೆ ಉದುರುವುದೂ ಕಡಿಮೆ.

ವೀಲ್ ರೇಕಿನ ಬೆಲೆ ಅಗ್ಗ, ರಚನೆ ಸರಳ, ವೇಗ ಹೆಚ್ಚು. ಆದರೆ ಅದರ ಹಲ್ಲುಗಳು ನೆಲವನ್ನು ಮುಟ್ಟಿಯೇ ತಿರುಗಬೇಕಾದುದರಿಂದ ಮೇವಿನೊಡನೆ ಮಣ್ಣು ಬೆರೆಯುವ ಭಯವುಂಟು. ಮೇಲಿನಿಂದ ಹರಡಿದ ಕೈಗಳಿಂದ ಬಾಚುವ ರೋಟರಿ ರೇಕು ಅತ್ಯಂತ ಹಗುರಾದ, ಗಾಳಿಯಾಡುವ ಸಾಲನ್ನು ಬಿಡುತ್ತದೆಯಾದರೂ ಅದಕ್ಕೆ ಟ್ರ್ಯಾಕ್ಟರಿನ ಎಂಜಿನ್ನಿನಿಂದ ತಿರುಗುವ ದಂಡದ ಮೂಲಕ ಬರುವ ಪಿಟಿಓ ಶಕ್ತಿ ಬೇಕು, ಬೆಲೆಯೂ ಹೆಚ್ಚು. ಸಮಾಂತರ ಪಟ್ಟಿಗಳ ಹಳೆಯ ರೇಕುಗಳಲ್ಲಿ ಬಹುಪಾಲು ತಮ್ಮ ಗಾಲಿಗಳು ಉರುಳುವ ಬಲದಿಂದಲೇ ತಿರುಗತಕ್ಕವು. ಟ್ರ್ಯಾಕ್ಟರು ಸಣ್ಣದಿದ್ದರೂ ಸಾಕು. ನಿಂತೊಡನೆ ಹಲ್ಲುಗಳೂ ನಿಲ್ಲುತ್ತವೆ. ಎಂಜಿನ್ನಿನ ಶಕ್ತಿ ಬೇಡವೆಂಬ ಇದೇ ಕಾರಣದಿಂದ, ಹೊಲದಲ್ಲಿ ಟ್ರ್ಯಾಕ್ಟರನ್ನು ಓಡಿಸದೆ ಕುದುರೆ ಹೇಸರಗತ್ತೆಗಳಿಂದಲೇ ಬೇಸಾಯ ನಡೆಸುವ ಆಮಿಶ್ ಪಂಥದ ಒಕ್ಕಲಿಗರು ಲ್ಯಾಂಕಾಸ್ಟರಿನಲ್ಲಿ ಈ ರೇಕುಗಳನ್ನು ಬಹುವಾಗಿ ಆದರಿಸುತ್ತಾರೆ. ಅವರ ಸಮುದಾಯದ ನಿಯಮ ಗಾಳಿ ತುಂಬಿದ ರಬ್ಬರ್ ಟೈರುಗಳನ್ನು ಒಪ್ಪದಿರುವುದರಿಂದ, ಅವರ ಕೈಯಿಂದ ಬಂದ ರೇಕುಗಳನ್ನು ಉಕ್ಕಿನ ಗಾಲಿಗಳಿಂದಲೇ ಗುರುತಿಸಬಹುದು.

ಕೊಳ್ಳುವ ಮುನ್ನ

ಚಳಿಗಾಲ ಕಳೆದು ಹಿಮ ಕರಗಿ ನೆಲವೆಲ್ಲ ಕೆಸರಾಗಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಈ ಸೀಮೆಯ ಸ್ವಯಂಸೇವಕ ಅಗ್ನಿಶಾಮಕ ದಳಗಳು ತಮ್ಮ ಖರ್ಚುವೆಚ್ಚಕ್ಕಾಗಿ ಹರಾಜು ನಡೆಸುತ್ತವೆ. ಮಡ್ ಸೇಲ್ ಎಂದು ಕರೆಯುವ ಈ ಹರಾಜುಗಳಲ್ಲಿ ಹೊದಿಕೆ, ಕುದುರೆ, ಸಾರೋಟುಗಳ ಜೊತೆಯಲ್ಲಿ ಬೇಸಾಯದ ಹಳೆಯ ಯಂತ್ರಗಳ ಸಾಲು ಸಾಲುಗಳು ಹೊಲದುದ್ದಕ್ಕೂ ನಿಂತಿರುತ್ತವೆ. ಕೊಳ್ಳುವವನು ಹರಾಜು ಕೂಗುವವನ ಧ್ವನಿಗಿಂತ ಬಹು ಮುಂಚೆಯೇ ಅಲ್ಲಿ ಹಾಜರಿರಬೇಕು; ಏಕೆಂದರೆ ರೇಕಿನಂತಹ ಯಂತ್ರ ತನ್ನ ಗುಟ್ಟನ್ನು ಮುಚ್ಚಿಡಲಾರದು. ಅದರ ಅಂಗಗಳೆಲ್ಲವೂ ಬಯಲಲ್ಲಿಯೇ ಇವೆ. ನೋಡುವ ತಾಳ್ಮೆಯೊಂದಿದ್ದರೆ ಎಂಜಿನಿಯರನ ನೆರವಿಲ್ಲದೆಯೇ ಯಾವ ರೈತನಾದರೂ ಅದರ ಯೋಗ್ಯತೆಯನ್ನು ಅಳೆಯಬಹುದು.

ಮೊದಲು ಯಂತ್ರದ ಹಿಂದೆ ಕೆಲವು ಹೆಜ್ಜೆ ದೂರದಲ್ಲಿ ನಿಂತು ನೋಡತಕ್ಕದ್ದು. ಪಟ್ಟಿಗಳು ಒಂದಕ್ಕೊಂದು ಸಮಾಂತರವಾಗಿವೆಯೆ, ಚೌಕಟ್ಟು ಎಲ್ಲಿಯಾದರೂ ಬಾಗಿದೆಯೆ, ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಮೂಗಿನ ಕಂಬಿ ನೇರವಾಗಿದೆಯೆ ಎಂಬುದು ಆ ನೋಟಕ್ಕೆ ತಿಳಿಯುತ್ತದೆ. ಬಾಗಿದ ಚೌಕಟ್ಟಿನ ರೇಕು ಮರದ ಬುಡಕ್ಕೋ ಗೇಟಿನ ಕಂಬಕ್ಕೋ ಹಿಂದೊಮ್ಮೆ ಬಡಿದಿದ್ದಿರಬೇಕು. ಅಂತಹುದರಲ್ಲಿ ಒಂದು ತುದಿಯ ಹಲ್ಲು ಮಣ್ಣು ಕೆರೆಯುವಾಗ ಇನ್ನೊಂದು ತುದಿಯದು ಹುಲ್ಲನ್ನೇ ಮುಟ್ಟುವುದಿಲ್ಲ. ಹಳೆಯ ವೆಲ್ಡಿಂಗ್ ಗುರುತುಗಳಿದ್ದರೆ ಅದಕ್ಕೇ ಬೆದರಬೇಕಾದುದಿಲ್ಲ. ಚೊಕ್ಕಟವಾಗಿ ಮಾಡಿದ ವೆಲ್ಡಿಂಗು ಯಜಮಾನನ ಕಾಳಜಿಯ ಸಾಕ್ಷಿಯೂ ಆದೀತು. ಹೊಸದಾಗಿ ಬಳಿದ ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಹೆಚ್ಚಬೇಕು. ಮಾಸಿದ ಬಣ್ಣದ ಮೇಲೆ ಬಿರುಕು ತುಕ್ಕಿನ ಗೆರೆಯಾಗಿ ಎದ್ದು ಕಾಣುತ್ತದೆ. ಹೊಸ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಅಂತೆಯೇ ಗ್ರೀಸ್ ನಿಪ್ಪಲುಗಳನ್ನು ಬೆರಳಿನಿಂದ ಒರಸಿ ನೋಡಬೇಕು. ಅವುಗಳ ಸುತ್ತ ಹಳೆಯ ಗ್ರೀಸು ಮೆತ್ತಿಕೊಂಡು ತುದಿ ಹೊಳೆಯುತ್ತಿದ್ದರೆ ಆ ಯಂತ್ರಕ್ಕೆ ಕಾಲಕಾಲಕ್ಕೆ ಆರೈಕೆ ದೊರೆತಿದೆಯೆಂದು ತಿಳಿಯಬಹುದು. ಬಾಯಿಯೇ ಒಣಮಣ್ಣಿನಿಂದ ಮುಚ್ಚಿಹೋಗಿದ್ದರೆ ಮಾರುವವನ ಮಾತಿಗಿಂತ ಆ ಮಣ್ಣಿನ ಸಾಕ್ಷ್ಯವೇ ಹೆಚ್ಚು ನಂಬತಕ್ಕದ್ದು.

ಎರಡನೆಯ ಪರೀಕ್ಷೆ ಕಿವಿಯದು. ಇಂತಹ ಒಂದು ಹರಾಜಿನಲ್ಲಿ ವೃದ್ಧ ಒಕ್ಕಲಿಗನೊಬ್ಬನು ತನ್ನ ಗಾಡಿಯಿಂದ ಸಣ್ಣ ಜಾಕೊಂದನ್ನು ತಂದು, ರೇಕಿನ ಒಂದು ಗಾಲಿಯನ್ನು ನೆಲದಿಂದ ಒಂದು ಗೇಣು ಎತ್ತಿ, ಎರಡು ಕೈಗಳಿಂದಲೂ ಅದನ್ನು ಮುಂದಕ್ಕೆ ಮೆಲ್ಲಗೆ ಉರುಳಿಸುತ್ತ ತಲೆಬಾಗಿ ಆಲಿಸುತ್ತಿದ್ದುದನ್ನು ನಾನು ಕಂಡೆನು. ಗಾಲಿಯೊಡನೆ ಪಟ್ಟಿಗಳು ಒಂದೇ ಸಮನಾಗಿ ಸುತ್ತಿದವು. ಆತನು ಗಾಲಿಯನ್ನು ಹಿಂದಕ್ಕೆ ತಿರುಗಿಸಿದಾಗ ಒಳಗಿನ ನಾಲಗೆಗಳು ಕಟಕಟನೆ ಸದ್ದು ಮಾಡಿದವು, ಪಟ್ಟಿಗಳು ನಿಂತೇ ಇದ್ದವು. ಹಿಂದಕ್ಕೆ ಸರಿಯುವಾಗ ಪಟ್ಟಿಗಳ ಸುತ್ತು, ಅಂದರೆ ರೀಲು, ಉಲ್ಟಾ ತಿರುಗದಂತೆ ಕಾಯುವ ಏರ್ಪಾಡು ಕೆಟ್ಟಿಲ್ಲವೆಂದು ಅದರಿಂದ ತಿಳಿಯಿತು. ಅನಂತರ ಆತನು ಒಂದೊಂದು ಪಟ್ಟಿಯ ಎರಡು ತುದಿಗಳನ್ನೂ ಹಿಡಿದು ಅಲುಗಾಡಿಸಿದನು. ಮೂರು ಪಟ್ಟಿಗಳು ಅಲುಗಲಿಲ್ಲ, ನಾಲ್ಕನೆಯದರ ಒಂದು ತುದಿ ಬೆರಳಗಲ ಆಡಿತು. ಪಟ್ಟಿಯ ತುದಿಯ ಬೇರಿಂಗು ಸವೆದಿತ್ತು. ಆತನು ಏನನ್ನೂ ಆಡದೆ ಜೇಬಿನ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡು ಐದನೆಯ ಪಟ್ಟಿಗೆ ಕೈಹಾಕಿದನು. ಒಂದು ಬೇರಿಂಗು ಬದಲಿಸುವುದು ಒಂದು ಸಂಜೆಯ ಕೆಲಸ. ಎಲ್ಲ ತುದಿಗಳೂ ಆಡುತ್ತಿದ್ದರೆ ಹಲ್ಲುಗಳ ದಾರಿ ತಪ್ಪಿ, ಪಟ್ಟಿಯೇ ಮುರಿದು, ಆ ರೇಕು ಕೊಯ್ಲಿನ ನಡುವೆ ಹೊಲದಲ್ಲಿ ನಿಲ್ಲುವುದು ಖಂಡಿತ.

ಮೂರನೆಯದು ಹಲ್ಲುಗಳ ಪರೀಕ್ಷೆ. ಎಷ್ಟು ಹಲ್ಲುಗಳಿಲ್ಲ, ಎಷ್ಟು ಬಾಗಿವೆ, ಇರುವವು ಎಷ್ಟು ಸವೆದಿವೆ ಎಂಬುದನ್ನು ಪಟ್ಟಿಯಿಂದ ಪಟ್ಟಿಗೆ ಎಣಿಸಬೇಕು. ಅನೇಕ ರೇಕುಗಳಲ್ಲಿ ಹಲ್ಲುಗಳ ಬುಡ ರಬ್ಬರಿನಲ್ಲಿ ಕೂತಿರುತ್ತದೆ. ಕಲ್ಲು ತಗುಲಿದಾಗ ಹಲ್ಲು ಮುರಿಯದೆ ಬಳುಕಿ ಮತ್ತೆ ಸ್ವಸ್ಥಾನಕ್ಕೆ ಬರಲೆಂದೇ ಆ ರಬ್ಬರು. ಬಹುಕಾಲ ಬಿಸಿಲಲ್ಲಿ ನಿಂತ ಯಂತ್ರದಲ್ಲಿ ಅದು ಸೀಳಿ ಗಟ್ಟಿಯಾಗಿರುತ್ತದೆ. ಬೆರಳಿನಿಂದ ಹಲ್ಲನ್ನು ಬಾಗಿಸಿ ಬಿಟ್ಟರೆ ಅದು ಹಿಂದಕ್ಕೆ ಚಿಮ್ಮಬೇಕು. ಚಿಮ್ಮದೆ ಜೋಲುತ್ತಿದ್ದರೆ ಆ ಹಲ್ಲಿನ ಆಯುಸ್ಸು ತೀರಿತೆಂದು ತಿಳಿಯಬೇಕು. ಹಲ್ಲುಗಳ ನಡುವೆ ಬಿಲ್ಲಿನಂತೆ ಬಾಗಿ ನಿಂತ ಕಂಬಿಗಳುಂಟಷ್ಟೆ. ಮೇಲೇಳುವ ಹಲ್ಲಿನಿಂದ ಹುಲ್ಲನ್ನು ಬಿಡಿಸುವುದು ಅವುಗಳ ಕೆಲಸ. ಅವು ನೆಗ್ಗಿದ್ದರೆ ಹಲ್ಲು ಅವುಗಳಿಗೆ ಉಜ್ಜುತ್ತದೆ, ಹುಲ್ಲು ರೀಲಿಗೆ ಸುತ್ತಿಕೊಳ್ಳುತ್ತದೆ, ಎಲೆ ಅರೆದು ಹೋಗುತ್ತದೆ. ಆದರೂ ಹಲ್ಲು, ಕಂಬಿಗಳೆರಡೂ ಬದಲಿಸಲು ಬರುವ ವಸ್ತುಗಳಾದುದರಿಂದ ಈ ದೋಷ ಯಂತ್ರವನ್ನು ತಿರಸ್ಕರಿಸಲು ಕಾರಣವಲ್ಲ, ಬೆಲೆಯನ್ನು ಇಳಿಸಲು ಕಾರಣ.

ಇನ್ನು ಗೇರ್ ಬಾಕ್ಸ್ ಇರುವ ರೇಕಾದರೆ ಅದರ ಎಣ್ಣೆಯನ್ನು ನೋಡದೆ ಹಣ ಎಣಿಸಕೂಡದು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಲೋಹದ ಕಣಗಳು ಮಿನುಗಿದರೆ ಹಲ್ಲುಗಾಲಿಗಳು ಸವೆಯುತ್ತಿವೆ. ಎಣ್ಣೆಯೇ ಇಲ್ಲದಿದ್ದರೆ ಆ ಯಂತ್ರವನ್ನು ಬಿಟ್ಟು ಮುಂದೆ ನಡೆಯುವುದು ಲೇಸು. ಟೈರುಗಳು ಬಿರಿದಿದ್ದರೂ ಗಾಳಿ ಹಿಡಿದರೆ ಸ್ವಲ್ಪಕಾಲ ನಡೆಯುತ್ತವೆ. ಆದರೆ ಈ ರೇಕಿನಲ್ಲಿ ಗಾಲಿಯೇ ಎಂಜಿನ್ನಾದುದರಿಂದ ಮೇಲ್ಮೈ ಪೂರ ನುಣುಪಾದ ಟೈರು ಹಸಿ ನೆಲದಲ್ಲಿ ಜಾರಿ ಹಲ್ಲುಗಳನ್ನು ನಿಲ್ಲಿಸಿಬಿಡುತ್ತದೆ. ಎತ್ತರವನ್ನು ಹೊಂದಿಸುವ ತಿರುಪುಗಳು ಸರಾಗವಾಗಿ ತಿರುಗುತ್ತವೆಯೇ ಎಂಬುದನ್ನೂ ಅಲ್ಲಿಯೇ ತಿರುಗಿಸಿ ನೋಡಬೇಕು. ತುಕ್ಕು ಹಿಡಿದು ಕಚ್ಚಿಕೊಂಡ ತಿರುಪು ಎಂದರೆ ಎಲ್ಲ ಹೊಲಗಳಿಗೂ ಒಂದೇ ಎತ್ತರ, ಅಂದರೆ ಯಾವ ಹೊಲಕ್ಕೂ ಸರಿಯಲ್ಲದ ಎತ್ತರ.

ಹಳೆಯ ರೇಕಿನ ಬೆಲೆ ಅದರ ಸ್ಥಿತಿಯನ್ನನುಸರಿಸಿ ಕೆಲವು ನೂರು ಡಾಲರುಗಳಿಂದ ಕೆಲವು ಸಾವಿರ ಡಾಲರುಗಳವರೆಗೆ ಹರಡಿದೆ. ಅತ್ಯಂತ ಅಗ್ಗವಾದುದೇ ಲಾಭಕರವೆಂದು ಭಾವಿಸುವುದು ಸರಿಯಲ್ಲ. ಮಾದರಿಯ ಸಂಖ್ಯೆಯನ್ನು ಕೆತ್ತಿದ ತಗಡನ್ನು ಹುಡುಕಿ, ಅದಕ್ಕೆ ಬಿಡಿಭಾಗಗಳು ಇನ್ನೂ ದೊರೆಯುತ್ತವೆಯೇ ಎಂದು ಹರಾಜಿಗೆ ಮೊದಲೇ ವಿಚಾರಿಸಿಕೊಂಡವನೇ ಜಾಣ. ಬಹುಸಂಖ್ಯೆಯಲ್ಲಿ ತಯಾರಾಗಿ ಬಹುಕಾಲ ಮಾರಾಟವಾದ ಮಾದರಿಗಳ ಹಲ್ಲು, ಬೇರಿಂಗು, ರಬ್ಬರುಗಳನ್ನು ಇತರ ತಯಾರಕರೂ ಮಾಡಿ ಮಾರುತ್ತಾರೆ. ಅಪರೂಪದ ಮಾದರಿಯೊಂದು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಮುರಿದ ದಿನವೇ ಅದರ ಅಂತ್ಯ. ಒಟ್ಟಿನಲ್ಲಿ ಹೇಳುವುದಾದರೆ, ಹಲ್ಲು, ಟೈರು, ಒಂದೆರಡು ಬೇರಿಂಗುಗಳ ದೋಷವನ್ನು ಸಹಿಸಬಹುದು. ಬಾಗಿದ ಚೌಕಟ್ಟು, ಒಣಗಿದ ಗೇರ್ ಬಾಕ್ಸ್, ಎಲ್ಲ ತುದಿಗಳಲ್ಲಿಯೂ ಸಡಿಲವಾದ ಪಟ್ಟಿಗಳು, ಈ ಮೂರನ್ನು ಸಹಿಸಕೂಡದು.

ಹೊಲದಲ್ಲಿ

ಕೊಂಡು ತಂದ ರೇಕನ್ನು ಕೊಯ್ಲಿನ ದಿನವೇ ಹೊಲಕ್ಕಿಳಿಸುವುದು ಅವಿವೇಕ. ನಿಪ್ಪಲು ನಿಪ್ಪಲಿಗೂ ಹೊಸ ಗ್ರೀಸು ತುಂಬಿ, ಹಳೆಯದು ಹೊರಬರುವವರೆಗೆ ಒತ್ತಿ, ಗೇರ್ ಬಾಕ್ಸಿನ ಎಣ್ಣೆ ಬದಲಿಸಿ, ಬೋಲ್ಟುಗಳನ್ನೆಲ್ಲ ಬಿಗಿದು, ಖಾಲಿ ಹೊಲದಲ್ಲಿ ಒಂದೆರಡು ಸುತ್ತು ನಡೆಸಿ ನೋಡಬೇಕು. ಸೂಕ್ತವಾದ ಎತ್ತರವನ್ನು ಕಂಡುಹಿಡಿಯುವುದೇ ಮೊದಲ ವಿದ್ಯೆ. ಸಮನಾದ ನೆಲದಲ್ಲಿ ಹಲ್ಲಿನ ತುದಿ ಮಣ್ಣಿಗೆ ತಾಗದೆ ಒಂದೆರಡು ಸೆಂಟಿಮೀಟರು ಮೇಲಿದ್ದು, ಕೊಯ್ದ ಕೂಳೆಯ ನಡುವೆ ಹಾದು, ಕೂಳೆಯ ಮೇಲೆ ಮಲಗಿದ ಹುಲ್ಲನ್ನು ಎತ್ತುವಂತಿರಬೇಕು. ಸಾಲಿನ ಹಿಂದೆ ನಡೆದು ನೋಡಿದಾಗ ಅಲ್ಲಲ್ಲಿ ಕೆಲವು ಎಳೆಗಳು ಉಳಿದಿದ್ದರೆ ಚಿಂತೆಯಿಲ್ಲ. ನೆಲದಲ್ಲಿ ಗೀರುಗಳು ಕಂಡರೆ ಮಾತ್ರ ಒಡನೆ ಎತ್ತರಿಸಬೇಕು. ಉಳಿದ ನಾಲ್ಕು ಎಳೆಗಳಿಂದ ಆಗುವ ನಷ್ಟಕ್ಕಿಂತ ಮೇವಿನಲ್ಲಿ ಬೆರೆತ ಮಣ್ಣಿನಿಂದ ಆಗುವ ನಷ್ಟ ದೊಡ್ಡದು.

ಬಾಚುವ ವೇಳೆಯನ್ನು ಆಯ್ದುಕೊಳ್ಳುವುದು ಎರಡನೆಯ ವಿದ್ಯೆ, ಎಲ್ಲಕ್ಕಿಂತ ಹಿರಿಯದು. ಕುದುರೆಮೆಂತೆ, ಕ್ಲೋವರುಗಳಂತಹ ದ್ವಿದಳ ಮೇವುಗಳನ್ನು ತೇವ ಇನ್ನೂ ನೂರಕ್ಕೆ 40ರ ಆಸುಪಾಸಿನಲ್ಲಿರುವಾಗಲೇ ಸಾಲುಗೂಡಿಸಿ, ಸಾಲಿನಲ್ಲಿಯೇ ಒಣಗಲು ಬಿಡಬೇಕು. ಆಗ ಎಲೆ ಬಳುಕುವುದೇ ಹೊರತು ಮುರಿಯುವುದಿಲ್ಲ. ಆ ಹದ ತಪ್ಪಿ ಹುಲ್ಲು ಪೂರ ಒಣಗಿಬಿಟ್ಟಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಮುಟ್ಟದೆ, ಮರುದಿನ ಬೆಳಗ್ಗೆ ಇಬ್ಬನಿಯಿಂದ ಎಲೆ ಮೆತ್ತಗಾಗಿರುವ ಹೊತ್ತನ್ನು ಕಾಯಬೇಕು. ಹೊಲದಂಚಿನಲ್ಲಿ ನಿಂತ ಒಕ್ಕಲಿಗನು ಒಂದು ಹಿಡಿ ಹುಲ್ಲನ್ನೆತ್ತಿ ಮುಷ್ಟಿಯಲ್ಲಿ ಹಿಂಡಿ ಬಿಡುತ್ತಾನೆ. ಎಲೆ ಪುಡಿಯಾಗದೆ ಹಿಡಿಯೊಳಗೆ ಮಡಿಸಿಕೊಂಡು ಮೆಲ್ಲನೆ ಬಿಚ್ಚಿದರೆ ಬಾಚಲು ಅದೇ ಸಮಯ. ಕಟ್ಟುವ ಸಮಯಕ್ಕೆ ಪರೀಕ್ಷೆ ಬೇರೆ. ಕಾಂಡದ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದಾಗ ಸಿಪ್ಪೆ ಎದ್ದುಬಂದರೆ ಒಳಗೆ ಇನ್ನೂ ನೀರಿದೆ. ಏಳದೆ ಗಟ್ಟಿಯಾಗಿದ್ದರೆ ಬೇಲರನ್ನು ತರಬಹುದು. ಯಂತ್ರ ಹೊಸದಿರಲಿ ಹಳೆಯದಿರಲಿ, ಹೊತ್ತು ತಪ್ಪಿ ನಡೆಸಿದರೆ ಎರಡೂ ಎಲೆಯನ್ನು ಕೊಲ್ಲುತ್ತವೆ. ಹೊತ್ತರಿತು ನಡೆಸಿದ ಹಳೆಯ ರೇಕು, ಹೊತ್ತರಿಯದವನ ಹೊಸ ರೇಕಿಗಿಂತ ಉತ್ತಮವಾದ ಮೇವನ್ನು ಕೊಡುವುದರಲ್ಲಿ ಸಂಶಯವಿಲ್ಲ.

ದಿಕ್ಕು ಮತ್ತು ವೇಗ ಮೂರನೆಯ ವಿದ್ಯೆ. ಕೊಯ್ಯುವ ಯಂತ್ರ ಹೋದ ದಿಕ್ಕಿನಲ್ಲಿಯೇ ರೇಕನ್ನೂ ನಡೆಸಬೇಕೆಂಬುದು ಅಲ್ಲಿನ ಹಿರಿಯರ ಮಾತು. ಆಗ ಹಲ್ಲು ಹುಲ್ಲಿನ ತಲೆಯನ್ನು ಮೊದಲು ಮುಟ್ಟಿ, ಎಲೆ ತುಂಬಿದ ಭಾಗ ಸಾಲಿನ ಒಳಕ್ಕೆ ಮಡಿಸಿಕೊಳ್ಳುತ್ತದೆ, ಕಾಂಡದ ಬುಡಗಳು ಹೊರಕ್ಕೆ ನಿಂತು ಬಿಸಿಲನ್ನು ಪಡೆಯುತ್ತವೆ. ಬೇಗ ಒಣಗುವ ಎಲೆಗೆ ನೆರಳನ್ನೂ ತಡವಾಗಿ ಒಣಗುವ ಕಾಂಡಕ್ಕೆ ಬಿಸಿಲನ್ನೂ ಹಂಚುವ ಈ ವ್ಯವಸ್ಥೆಯಲ್ಲಿ ತಲೆಮಾರುಗಳ ಅನುಭವ ಅಡಗಿದೆ. ವೇಗ ಗಂಟೆಗೆ ಆರರಿಂದ ಒಂಬತ್ತು ಕಿಲೋಮೀಟರಿನೊಳಗಿದ್ದರೆ ಒಳ್ಳೆಯದು. ಗಾಲಿಯಿಂದ ತಿರುಗುವ ರೇಕಿನಲ್ಲಿ ಟ್ರ್ಯಾಕ್ಟರು ಓಡಿದಷ್ಟೂ ಹಲ್ಲು ಬಡಿಯುತ್ತದೆ. ಅವಸರದಿಂದ ಓಡಿಸಿದರೆ ಹುಲ್ಲು ಹಗ್ಗದಂತೆ ಹೊಸೆದುಕೊಂಡು ಬಿಗಿಯಾದ ಸಾಲಾಗುತ್ತದೆ. ಹೊರಗೆ ಒಣಗಿದಂತೆ ಕಂಡರೂ ಆ ಹೊಸೆತದ ಒಳಗಿನ ಹಸಿ ಹಾಗೆಯೇ ಉಳಿಯುತ್ತದೆ.

ಒಳಗುಳಿದ ಆ ಹಸಿ ಕೊಟ್ಟಿಗೆಯನ್ನೇ ಸುಡಬಲ್ಲದು ಎಂಬುದನ್ನು ಇಲ್ಲಿ ಮರೆಯಕೂಡದು. ತೇವವಿದ್ದಂತೆಯೇ ಕಟ್ಟಿ ಅಟ್ಟದಲ್ಲಿ ಒತ್ತಿಟ್ಟ ಮೇವಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಾವು ಹುಟ್ಟುತ್ತದೆ. ಕಾವು 65 ಡಿಗ್ರಿ ಸೆಲ್ಷಿಯಸ್ ದಾಟಿದರೆ ಅಪಾಯದ ಆರಂಭ. 80 ಡಿಗ್ರಿಯ ಸಮೀಪಕ್ಕೆ ಬಂದರೆ ಮೇವು ತಾನಾಗಿ ಹೊತ್ತಿಕೊಳ್ಳುವ ಸಂಭವವುಂಟು. ಆದುದರಿಂದಲೇ ಎಚ್ಚರವುಳ್ಳ ರೈತರು ಕಟ್ಟಿಟ್ಟ ಮೊದಲ ವಾರಗಳಲ್ಲಿ ಉದ್ದನೆಯ ಕೊಳವೆಯೊಳಗೆ ಉಷ್ಣಮಾಪಕವನ್ನಿಳಿಸಿ ಒಟ್ಟಿಲ ನಡುವಣ ಕಾವನ್ನು ನೋಡುತ್ತಿರುತ್ತಾರೆ. ಸಡಿಲವಾದ, ಸಮನಾದ ಸಾಲನ್ನು ಬಿಟ್ಟ ರೇಕು ಈ ಕಾವಲಿನ ಮೊದಲನೆಯ ಸಿಪಾಯಿ.

ಮೇವಿನೊಳಗಿನ ಕಬ್ಬಿಣ

ಹಳೆಯ ರೇಕಿನ ಯಜಮಾನನು ಎಂದಿಗೂ ಉಪೇಕ್ಷಿಸಬಾರದ ವಿಷಯವೊಂದುಂಟು. ಮುರಿದ ಹಲ್ಲು ಮಾಯವಾಗುವುದಿಲ್ಲ. ಹುಲ್ಲಿನ ಸಾಲಿನಲ್ಲಿ ಬಿದ್ದು, ಬೇಲರಿನಲ್ಲಿ ತುಂಡಾಗಿ, ಮೇವಿನ ಕಟ್ಟಿನೊಳಗೆ ಸೇರಿ ಹಸುವಿನ ಗೋದಲಿಯವರೆಗೆ ನಡೆಯುತ್ತದೆ. ಹಸು ಮೇವನ್ನು ಆಯ್ದು ತಿನ್ನುವ ಪ್ರಾಣಿಯಲ್ಲ. ನುಂಗಿದ ತಂತಿಯ ಚೂರು ಅದರ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆಯೊಂದೇ. ಹೊಟ್ಟೆ ಸಂಕೋಚಗೊಂಡಾಗಲೆಲ್ಲ ಚೂರು ಮುಂದಕ್ಕೆ ಚುಚ್ಚುತ್ತ ಕೊನೆಗೆ ಪ್ರಾಣಕ್ಕೇ ಎರವಾಗಬಹುದು. ಅಮೆರಿಕದ ಹೈನುಗಾರರು ಹಸುವಿಗೆ ಬೆರಳುದ್ದದ ಅಯಸ್ಕಾಂತವೊಂದನ್ನು ನುಂಗಿಸಿಬಿಡುವುದು ಇದಕ್ಕಾಗಿಯೇ. ಅದು ಆ ಹೊಟ್ಟೆಯಲ್ಲಿ ಜೀವಮಾನವಿಡೀ ಉಳಿದು ಕಬ್ಬಿಣದ ಚೂರುಗಳನ್ನು ತನ್ನೆಡೆಗೆ ಸೆಳೆದಿಟ್ಟುಕೊಳ್ಳುತ್ತದೆ. ಅಯಸ್ಕಾಂತ ಎರಡನೆಯ ರಕ್ಷಣೆಯಷ್ಟೆ. ಮೊದಲನೆಯದು, ಬಾಚುವ ಮುನ್ನ ಹಲ್ಲುಗಳನ್ನೆಣಿಸಿ, ಬಾಚಿದ ಮೇಲೆ ಮತ್ತೆ ಎಣಿಸಿ, ಒಂದು ಕಡಿಮೆಯಾದರೂ ಸಾಲುಗಳಲ್ಲಿ ನಡೆದು ಅದನ್ನು ಹುಡುಕಿ ತೆಗೆಯುವುದು. ಸೀಳಿದ ರಬ್ಬರಿನ, ಅಲುಗುವ ಹಲ್ಲನ್ನು ಇನ್ನೊಂದು ಕೊಯ್ಲಿಗೆ ನಡೆದೀತೆಂದು ಬಿಡುವುದು ಹಸುವಿನ ಹೊಟ್ಟೆಯ ಮೇಲೆ ಪಣವೊಡ್ಡಿದಂತೆ.

ಈ ವಿಚಾರ ನಮ್ಮ ನಾಡಿಗೂ ಹೊರತಾದುದಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಗಳಲ್ಲಿ ಭತ್ತದ ಕೊಯ್ಲಿಗೆ ಯಂತ್ರ ಬಂದ ಮೇಲೆ, ಹಿಂದೆ ಸಿವುಡು ಕಟ್ಟಿ ಬಣವೆಯೊಟ್ಟುತ್ತಿದ್ದ ಹುಲ್ಲು ಗದ್ದೆಯಲ್ಲಿಯೇ ಬೀಳುತ್ತಿದೆ. ಅದನ್ನು ಎತ್ತಿ ಕಟ್ಟಲು ಟ್ರ್ಯಾಕ್ಟರಿನ ಹಿಂದೆ ಬೇಲರುಗಳು ಓಡಾಡುತ್ತಿವೆ. ಹುಲ್ಲು ಚೆದುರಿ ಬಿದ್ದ ಗದ್ದೆಗಳಲ್ಲಿ ಬೇಲರಿಗೆ ಮುಂಚೆ ರೇಕಿನ ಅವಶ್ಯಕತೆಯೂ ತಲೆದೋರುತ್ತದೆ. ಯಂತ್ರಗಳು ಬಂದೆಡೆ ಕೆಲವು ವರ್ಷಗಳಲ್ಲಿ ಹಳೆಯ ಯಂತ್ರಗಳ ಮಾರಾಟವೂ ಬರುವುದು ಸಹಜ. ತಂತಿ, ಮೊಳೆ ನುಂಗಿದ ಹಸುಗಳು ನಮ್ಮ ಪಶುವೈದ್ಯರಿಗೂ ಹೊಸತೇನಲ್ಲ. ಭತ್ತದ ಹುಲ್ಲಿನಲ್ಲಿ ಕುದುರೆಮೆಂತೆಯಂತೆ ಉದುರಿಹೋಗುವ ಎಲೆಯಿಲ್ಲವಾದರೂ ಮಣ್ಣು, ಕಲ್ಲು, ಕಬ್ಬಿಣಗಳ ಭಯ ಎರಡು ಕಡೆಯೂ ಒಂದೇ. ಪೆನ್ಸಿಲ್ವೇನಿಯಾದ ಕೆಸರುಹೊಲದಲ್ಲಿ ಆ ವೃದ್ಧನು ಮಾಡಿದ ಪರೀಕ್ಷೆಯನ್ನು ನಮ್ಮ ರೈತನೂ ಮಾಡಬಹುದು.

ಇಷ್ಟನ್ನೂ ಕೂಡಿಸಿ ಹೇಳುವುದಾದರೆ, ಸಣ್ಣ ಹಿಡುವಳಿಯ ಒಕ್ಕಲಿಗನಿಗೆ ಹಳೆಯ ರೇಕು ನಿಸ್ಸಂದೇಹವಾಗಿ ಕೊಳ್ಳತಕ್ಕ ವಸ್ತು. ಬೇಲರಿನ ಹುರಿಗಂಟು ಹಾಕುವ ಅಂಗದಂತೆ ಸೂಕ್ಷ್ಮವಾದುದು ಇದರಲ್ಲಿ ಯಾವುದೂ ಇಲ್ಲ. ಸವೆಯುವುದೆಲ್ಲವೂ ಕಣ್ಣಿಗೆ ಕಾಣುತ್ತದೆ, ಕಾಣುವುದರಲ್ಲಿ ಬಹುಪಾಲನ್ನು ಮನೆಯಂಗಳದಲ್ಲಿಯೇ ಸರಿಪಡಿಸಬಹುದು. ಹೊಸದಕ್ಕೆ ಸಾಲ ಮಾಡುವ ಬದಲು ಆ ಹಣವನ್ನು ಒಳ್ಳೆಯ ಬೀಜಕ್ಕೂ ಹೊಲದ ಸುಣ್ಣಕ್ಕೂ ವಿನಿಯೋಗಿಸುವುದು ಮೇಲು. ಕೊಳ್ಳುವವರಲ್ಲಿ ನನ್ನ ಬಿನ್ನಹವಿಷ್ಟೆ: ಹರಾಜಿಗೆ ಹೋಗುವಾಗ ಜಾಕೊಂದನ್ನು ಜೊತೆಗೊಯ್ಯಿರಿ, ಗಾಲಿಯೆತ್ತಿ ತಿರುಗಿಸದೆ ಬೆಲೆ ಹೇಳಬೇಡಿರಿ, ಕೊಂಡ ಮೇಲೆ ಎಲೆ ಬಳುಕುವ ಹೊತ್ತನ್ನರಿತು ಬಾಚಿರಿ, ಬಾಚಿದ ದಿನ ದಿನವೂ ಹಲ್ಲುಗಳನ್ನೆಣಿಸಿರಿ.